ಕ್ರಿಸ್ ಆರ್ಗಿರಿಸ್ ಹೇಳಿದ ‘ಎರಡು ಸುತ್ತಿನ ಕಲಿಕೆ’ ಎಂದರೇನು?

ಆರ್ಗಿರಿಸ್ (1923–2013) ಅಮೆರಿಕದ ಪ್ರಾಧ್ಯಾಪಕರು. ಯೇಲ್‌ನಲ್ಲಿ ಎರಡು ದಶಕ ಕಲಿಸಿ 1971ರಲ್ಲಿ ಹಾರ್ವರ್ಡ್ ಸೇರಿದರು. ಸಂಸ್ಥೆಗಳು ತಮ್ಮ ತಪ್ಪಿನಿಂದ ಏಕೆ ಕಲಿಯುವುದಿಲ್ಲ ಎಂಬುದೇ ಅವರ ಬದುಕಿನ ಪ್ರಶ್ನೆ. ಚಿಂತಕ ಡೊನಾಲ್ಡ್ ಶೋನ್ ಜೊತೆಗೂಡಿ ಅವರು ಎರಡು ಸುತ್ತಿನ ಕಲಿಕೆಯ ವಿಚಾರವನ್ನು ಬೆಳೆಸಿದರು.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ನಾನು ಕಂಡದ್ದನ್ನೇ ಹೇಳುತ್ತೇನೆ. ಒಂದು ಸಹಕಾರ ಸಂಘದ ಸಾಲದ ಅರ್ಜಿ ಮಲಯಾಳದಲ್ಲಿ ಮಾತ್ರ ಇತ್ತು. ಕನ್ನಡ ಮಾತ್ರ ಓದಬಲ್ಲ ಅಡಿಕೆ ಕೃಷಿಕರೊಬ್ಬರು ತಂದೆಯ ಹೆಸರಿನ ಜಾಗದಲ್ಲಿ ಊರಿನ ಹೆಸರು ಬರೆದು, ಹೊಡೆದುಹಾಕಿ, ಕೈಕಟ್ಟಿ ನಿಂತಿದ್ದರು. ಗುಮಾಸ್ತರು ಪ್ರೀತಿಯಿಂದಲೇ ತಿದ್ದಿಕೊಟ್ಟರು. ಪ್ರತಿ ಸಲವೂ ಹೀಗೆ ತಿದ್ದುವುದು ಒಂದು ಸುತ್ತು. ಅರ್ಜಿ ಒಂದೇ ಭಾಷೆಯಲ್ಲಿ ಏಕಿರಬೇಕು ಎಂದು ನಿಯಮವನ್ನೇ ಕೇಳುವುದು ಎರಡನೆಯ ಸುತ್ತು. ನನಗೆ ಇದೇ ನಿಜವಾದ ಕಲಿಕೆ. ಮುಜುಗರಕ್ಕೆ ಅಂಜಿ ಅಂಥ ಪ್ರಶ್ನೆಯಿಂದ ನುಣುಚಿಕೊಳ್ಳುವುದರಲ್ಲಿ ಚೆನ್ನಾಗಿ ಓದಿದವರೇ ಮುಂದು ಎಂದೂ ಆರ್ಗಿರಿಸ್ ಹೇಳಿದ್ದರು.