‘ಬ್ಲೂಯಿ’ ಮಕ್ಕಳ ಕಾರ್ಟೂನ್ ಅಲ್ವಾ, ದೊಡ್ಡವರಿಗೂ ಯಾಕೆ ಅಷ್ಟು ಇಷ್ಟ?

ಮುಖ್ಯ ಕಾರಣ ಅದರಲ್ಲಿರುವ ಅಪ್ಪ ಬ್ಯಾಂಡಿಟ್, ಅಮ್ಮ ಚಿಲ್ಲಿ. 2018ರಲ್ಲಿ ಶುರುವಾದ ಈ ಆಸ್ಟ್ರೇಲಿಯಾದ ಸರಣಿಯಲ್ಲಿ ನಾಯಿಮರಿ ಬ್ಲೂಯಿ ಮತ್ತು ತಂಗಿ ಬಿಂಗೋ ಆಡುವ ಆಟಗಳೇ ಕಥೆ. ಆದರೆ ಜೊತೆಗೆ ಆಡುವ ಅಪ್ಪ ಅಮ್ಮನಿಗೆ ಸುಸ್ತಾಗುತ್ತದೆ, ಕೆಲವೊಮ್ಮೆ ತಪ್ಪೂ ಆಗುತ್ತದೆ. ಸುಮ್ನೆ ಆದರ್ಶ ತಂದೆ ತಾಯಿಯ ಹಾಗೆ ತೋರಿಸಿಲ್ಲ.

‘ಬೇಬಿ ರೇಸ್’ ಕಂತನ್ನೇ ನೋಡಿ, ಅದು ಬ್ಲೂಯಿ ಪುಟ್ಟ ಕೂಸಾಗಿದ್ದಾಗಿನ ಕಥೆ. ಬೇರೆಯವರ ಮಗು ಆಗಲೇ ನಡೆಯತೊಡಗಿತು, ನಮ್ಮದು ಯಾಕೆ ಇನ್ನೂ ನಡೆಯುತ್ತಿಲ್ಲ ಅಂತ ಚಿಲ್ಲಿ ಒಳಗೊಳಗೇ ಕೊರಗುತ್ತಾಳೆ. ಆಗ ಹಲವು ಮಕ್ಕಳನ್ನು ಸಾಕಿದ ಇನ್ನೊಬ್ಬ ತಾಯಿ ಬಂದು, ನೀನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೀಯ ಅನ್ನುತ್ತಾಳೆ. ಸುಮಾರು 7 ನಿಮಿಷದ ಕಂತು ಅಷ್ಟೆ. ಆ ಒಂದು ಮಾತಿಗಾಗಿ ಕಾಯುವ ಅಮ್ಮಂದಿರು ಎಷ್ಟು ಜನ! ನನಗಂತೂ ಇಡೀ ಸರಣಿಯಲ್ಲಿ ಇದೇ ಜಾಸ್ತಿ ಇಷ್ಟ.