ಅಂಗಡಿ ಮುಚ್ಚಿದ್ರೆ ನಾನು ಸೋತಂಗಾ?

(ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದೋರೊಬ್ಬರ ಕಥೆ ಇದು. ಗುರುತು ಸಿಗಬಾರ್ದು ಅಂತ ವಿವರ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ.)

ವಯಸ್ಸು 58, ಮೂವತ್ತು ವರ್ಷದಿಂದ ರೆಕಾರ್ಡ್ ಅಂಗಡಿ ನಡೆಸ್ತಿದ್ದೋರು. ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತ ಹೆಂಡತಿ ಕರ್ಕೊಂಡು ಬಂದಿದ್ರು. ಮೊದಲು ಸ್ವಲ್ಪ ಹೊತ್ತು ಸುಮ್ನೇ ಕೂತಿದ್ರು, ಆಮೇಲೆ ಒಂದೇ ಉಸಿರಲ್ಲಿ, "ಮೇಡಂ, ಒಬ್ಬ ಹುಡುಗ ಬಂದ, ಒಂದು ಗಂಟೆ ಕೂತು ನಾಲ್ಕು ಎಲ್‌ಪಿ ರೆಕಾರ್ಡ್ ಹಾಕಿಸ್ಕೊಂಡು ಕೇಳ್ದ, ಯಾವ ಪ್ರೆಸಿಂಗ್, ಅಂದ್ರೆ ಯಾವ ಸಲ ಅಚ್ಚಾದ ಪ್ರತಿ, ಚೆನ್ನಾಗಿದೆ ಅಂತ ನನ್ನತ್ರಾನೇ ತಿಳ್ಕೊಂಡ, ಕವರ್ ಫೋಟೋ ತೆಗ್ದ, ಬಾಗಿಲು ದಾಟೋಷ್ಟ್ರಲ್ಲೇ ಫೋನಲ್ಲಿ ಆರ್ಡರ್ ಹಾಕ್ತಿದ್ದ" ಅಂದ್ರು. ಹೇಳೋವಾಗ ಅವರ ಎರಡು ಕೈಯೂ ಗಾಳೀಲಿ ರೆಕಾರ್ಡ್ ಹಿಡ್ಕೊಂಡಂಗೇ ಇತ್ತು, ಅಂಗೈ ಅಂಚಿಗೆ ಒತ್ತಿ, ಬೆರಳು ರೆಕಾರ್ಡ್ ಮೇಲಿನ ಹಾಡಿನ ಗೆರೆಗೆ ತಾಗದ ಹಾಗೆ. ನನಗೆ ಇವತ್ತಿಗೂ ಕಣ್ಮುಂದೆ ಇರೋದು ಆ ಕೈ.

ಆದ್ರೆ ಅವರ ಸಿಟ್ಟು ಹುಡುಗನ ಮೇಲೆ ಇರ್ಲಿಲ್ಲ. "ಬೇರೆ ಯಾರಾದ್ರೂ ಆಗಿದ್ರೆ ಅಂಗಡಿ ಉಳಿಸ್ಕೋತಿದ್ರು, ನನ್ನ ಕೈಲಾಗ್ಲಿಲ್ಲ" ಅನ್ನೋದೇ ಮನಸ್ಸಲ್ಲಿ ಕೂತಿತ್ತು.

ಒಂದು ಹಾಳೆ ಕೊಟ್ಟು ಮಧ್ಯೆ ಗೆರೆ ಎಳೆದೆ, ಒಂದು ಕಡೆ ನನ್ನ ಕೈಲಿದ್ದದ್ದು, ಇನ್ನೊಂದು ಕಡೆ ಇಲ್ಲದ್ದು ಬರೀರಿ ಅಂದೆ. ಮೊದಲ ಕಡೆ ಪ್ರಾಮಾಣಿಕವಾಗಿ "ಆನ್‌ಲೈನ್ ಮಾರಾಟಕ್ಕೆ ತಡವಾಗಿ ಇಳಿದೆ" ಅಂತ ಬರೆದ್ರು. ಇನ್ನೊಂದು ಕಡೆ ಖಾಲಿ ಬಿಟ್ರು, ಅದನ್ನ ಇಬ್ಬರೂ ಸೇರಿ ತುಂಬಿದ್ವಿ: ಜನ ಇಂಟರ್ನೆಟ್ಟಲ್ಲಿ ಹಾಡನ್ನ ಪುಕ್ಕಟೆ ಹಂಚ್ಕೊಳ್ಳೋ ಹಾಗೆ ಮಾಡಿದ 1999ರ ನ್ಯಾಪ್‌ಸ್ಟರ್, 2003ರಲ್ಲಿ ಬಂದು ಹಾಡನ್ನ ಬಿಡಿಬಿಡಿಯಾಗಿ ಮಾರಿದ ಆಪಲ್‌ನ ಆನ್‌ಲೈನ್ ಅಂಗಡಿ ಐಟ್ಯೂನ್ಸ್ ಸ್ಟೋರ್, ಆಮೇಲೆ ಸ್ಟ್ರೀಮಿಂಗ್. ಟವರ್ ರೆಕಾರ್ಡ್ಸ್‌ನಂಥ ದೊಡ್ಡ ಕಂಪನಿನೇ ಅಮೆರಿಕದಲ್ಲಿ 2006ರಲ್ಲಿ ಅಂಗಡಿಗಳನ್ನ ಮುಚ್ಚಿಬಿಡ್ತು ಅಂತ ಅವರೇ ನೆನಪು ಮಾಡ್ಕೊಂಡು ಬರೆದ್ರು, ಬರೆದು ತುಂಬ ಹೊತ್ತು ಅದನ್ನೇ ನೋಡ್ತಿದ್ರು.

"ವಿನೈಲ್ ರೆಕಾರ್ಡ್ ವಾಪಸ್ ಬಂದಿದೆಯಲ್ಲ, ಇನ್ನೊಂದು ವರ್ಷ ತಡೀಲಾ" ಅಂತ ಕೇಳಿದ್ರು. ಬಂದಿರೋದು ನಿಜ, 2020ರಲ್ಲಿ ಅಮೆರಿಕದಲ್ಲಿ ವಿನೈಲ್ ಆದಾಯ ಸಿಡಿ ಆದಾಯನ ದಾಟ್ತು, 80ರ ದಶಕದಿಂದೀಚೆಗೆ ಅದೇ ಮೊದಲು. ಆದ್ರೆ ಜನ ರೆಕಾರ್ಡ್ ತಗೋತಿದಾರೆ ಅಂದ ಮಾತ್ರಕ್ಕೆ ನಿಮ್ಮ ಅಂಗಡೀಲೇ ತಗೋತಾರೆ ಅಂತಲ್ಲವಲ್ಲ ಅಂದೆ. ಸುಳ್ಳು ಧೈರ್ಯ ಕೊಡೋಕೆ ನನಗೆ ಮನಸ್ಸು ಬರ್ಲಿಲ್ಲ, ಅದನ್ನ ನಂಬಿ ಮನೆ ಉಳಿತಾಯನೂ ಅಂಗಡಿಗೇ ಸುರಿದುಬಿಟ್ರೆ ಗತಿ ಏನು.

ನಾನು ಹೇಳಿದ್ದು ಇಷ್ಟು. ಉಳಿತಾಯದ ದುಡ್ಡು ಮುಟ್ಟಬೇಡಿ. ಒಂದು ವರ್ಷದ ಲೆಕ್ಕ ಹೆಂಡತಿ ಮುಂದೆ ಬಿಚ್ಚಿಡಿ, ನಷ್ಟ ಎಲ್ಲಿಗೆ ಬಂದ್ರೆ ನಿಲ್ಲಿಸ್ಬೇಕು ಅನ್ನೋದನ್ನ ಹಗಲು ಹೊತ್ತಲ್ಲಿ ಇಬ್ಬರೂ ಕೂತು ತೀರ್ಮಾನ ಮಾಡಿ. ರಾತ್ರಿ ಮಲಗಿದಲ್ಲೇ ಆನ್‌ಲೈನ್ ರೇಟ್ ನೋಡೋದು ಇವತ್ತಿಂದಲೇ ಬಂದ್. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗೇ ಕೇಳಿದೆ, ಇಲ್ಲ ಅಂದ್ರು, ಆದ್ರೂ ನಿದ್ದೆ ವಿಚಾರಕ್ಕೆ ಡಾಕ್ಟರ್ ಹತ್ರ ಕಳಿಸ್ದೆ. ಇನ್ನೊಂದು ಮಾತು, ರೆಕಾರ್ಡನ್ನ ಬೆಳಕಿಗೆ ಓರೆ ಹಿಡಿದು ಕೂದಲೆಳೆ ಗೀರನ್ನೂ ಗುರುತಿಸೋ ಕಣ್ಣು ನಿಮ್ಮದು, ಷಟರ್ ಎಳೆದ ಮಾತ್ರಕ್ಕೆ ಅದು ಹೋಗಲ್ಲ, ಹಳೇ ರೆಕಾರ್ಡ್ ಕೊಳ್ಳೋರಿಗೆ ಮಾರೋರಿಗೆ ಅದು ಬೇಕೇ ಬೇಕು, ಆದ್ರೆ ಆ ಯೋಚನೆಗೆ ಈಗ್ಲೇ ಅವಸರ ಬೇಡ ಅಂದೆ.

ನಾಲ್ಕನೇ ಸಲ ಬಂದಾಗ ದಂಪತಿ ಇಬ್ಬರೂ ತೀರ್ಮಾನ ಮಾಡ್ಕೊಂಡೇ ಬಂದಿದ್ರು, ಬಾಡಿಗೆ ಕರಾರು ಮುಗಿದ ಮೇಲೆ ಮುಂದುವರಿಸಲ್ಲ ಅಂತ. ಅದನ್ನ ಹೇಳ್ತಾ ಅವರು ಅತ್ತುಬಿಟ್ರು, ನಾನು ತಡೀಲಿಲ್ಲ. ಈಗ ಐದಾರು ಗಂಟೆ ನಿದ್ದೆ ಬರ್ತಿದೆಯಂತೆ. ಮುಂದಿನ ಭೇಟಿ ಎರಡು ವಾರ ಬಿಟ್ಟು ಇಟ್ಕೊಂಡಿದೀವಿ.