ಓದುಗರ ಪ್ರಶ್ನೆ: ಚಂದ್ರನನ್ನು ಅಳೆದು ರೇಖಾಂಶ ಕಂಡುಹಿಡಿಯುವುದು

ಪ್ರಶ್ನೆ: ಹಡಗಿನ ಕ್ರೊನೊಮೀಟರ್ (ಗ್ರೀನಿಚ್ ಸಮಯ ತೋರಿಸುವ ನಿಖರ ಗಡಿಯಾರ) ನಿಂತುಹೋದರೂ ಚಂದ್ರನಿಂದ ಗ್ರೀನಿಚ್ ಸಮಯ ತಿಳಿಯಬಹುದಂತೆ. ಹೇಗೆ? ಎಷ್ಟು ನಂಬಬಹುದು? (ಓದುಗರು, ಕಾರವಾರ)

ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ, ಅಂದರೆ ಪಂಚಾಂಗದ ಹೆಚ್ಚುಕಡಿಮೆ ಒಂದು ನಕ್ಷತ್ರ. ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 33 ಕಲೆ (ಡಿಗ್ರಿಯ 60ನೇ ಒಂದು ಭಾಗ ಒಂದು ಕಲೆ). ಸೂರ್ಯನಿಂದಲೋ ಮಘಾ, ಚಿತ್ತಾ, ರೋಹಿಣಿಯಂಥ ನಕ್ಷತ್ರದಿಂದಲೋ ಅವನಿಗಿರುವ ಕೋನದೂರ ಗೊತ್ತಾದರೆ ಗ್ರೀನಿಚ್ ಸಮಯ ಗೊತ್ತಾದಂತೆ. ಅದಕ್ಕೂ ಸ್ಥಳೀಯ ಸಮಯಕ್ಕೂ ಇರುವ ಅಂತರದಿಂದ ರೇಖಾಂಶ ಸಿಗುತ್ತದೆ. ಆದರೆ ಅಳತೆಯಲ್ಲಿ 1 ಕಲೆ ತಪ್ಪಿದರೆ ಸಮಯ ಸುಮಾರು 2 ನಿಮಿಷ, ರೇಖಾಂಶ ಅರ್ಧ ಡಿಗ್ರಿ ತಪ್ಪುತ್ತದೆ. ಕಾರವಾರದ ಅಕ್ಷಾಂಶದಲ್ಲಿ ಅದು 29 ನಾಟಿಕಲ್ ಮೈಲಿ. ಹಾಗಾಗಿ ಶ್ರಮವೆಲ್ಲ ಆ ಒಂದು ಕೋನಕ್ಕೇ ಸಲ್ಲಬೇಕು, ಉಳಿದದ್ದು ಲೆಕ್ಕ.

ಅಳತೆ ಸೆಕ್ಸ್ಟಂಟಿನಿಂದ (ಎರಡು ಬಿಂಬಗಳನ್ನು ಕನ್ನಡಿಯಿಂದ ಒಂದೆಡೆ ತಂದು ನಡುವಿನ ಕೋನ ಅಳೆಯುವ ಉಪಕರಣ). ಒಬ್ಬರೇ ಇದ್ದರೆ ಮೊದಲು ಎರಡೂ ಬಿಂಬಗಳ ಎತ್ತರ (ದಿಗಂತದಿಂದ ಮೇಲಿನ ಕೋನ), ಆಮೇಲೆ ನಾಲ್ಕೈದು ಬಾರಿ ದೂರ, ಕೊನೆಗೆ ಮತ್ತೆ ಎತ್ತರಗಳನ್ನು ಅಳೆಯಿರಿ. ಪ್ರತಿಯೊಂದರ ಹೊತ್ತನ್ನೂ ಕೈಗಡಿಯಾರದಲ್ಲಿ ಬರೆದುಕೊಳ್ಳಿ. ಅದು ಸರಿಯಾದ ಸಮಯ ತೋರಿಸಬೇಕಿಲ್ಲ, ಅರ್ಧ ಗಂಟೆ ಒಂದೇ ಸಮನೆ ಓಡಿದರೆ ಸಾಕು. ಎತ್ತರಗಳನ್ನು ದೂರ ಅಳೆದ ಹೊತ್ತಿಗೆ ಹೊಂದಿಸಿಕೊಳ್ಳಿ. ಎತ್ತರದಲ್ಲಿ 5–6 ಕಲೆ ಆಚೀಚೆಯಾದರೂ ದೂರದ ತಿದ್ದುಪಡಿ ಕೆಡುವುದು 0.1 ಕಲೆಯ ಆಸುಪಾಸು ಮಾತ್ರ.

ಬಿಂಬದ ಅಂಚಿನಿಂದ ಕೇಂದ್ರಕ್ಕೆ ಬರಲು ಅರ್ಧವ್ಯಾಸ ಸೇರಿಸಬೇಕು. ನಕ್ಷತ್ರ ಚಂದ್ರನ ಕತ್ತಲ ಬದಿಗಿದ್ದರೆ ಕಳೆಯಬೇಕು. ಆಮೇಲೆ ವಕ್ರೀಭವನ (ಗಾಳಿಯಲ್ಲಿ ಬೆಳಕು ಬಾಗುವುದು) ಮತ್ತು ಪ್ಯಾರಲಾಕ್ಸ್ (ಭೂಮಿಯ ಕೇಂದ್ರದಿಂದಲ್ಲದೆ ಮೇಲ್ಮೈಯಿಂದ ನೋಡುವುದರಿಂದ ಬಿಂಬ ಸರಿದಂತೆ ಕಾಣುವುದು) ತಿದ್ದುಪಡಿ. ಚಂದ್ರನ ಪ್ಯಾರಲಾಕ್ಸ್ ದಿಗಂತದಲ್ಲಿ 54ರಿಂದ 61 ಕಲೆಯವರೆಗೆ ಇರುತ್ತದೆ, ಇದನ್ನು ಬಿಟ್ಟರೆ ಉತ್ತರಕ್ಕೆ ಅರ್ಥವೇ ಇಲ್ಲ. ವಕ್ರೀಭವನ, ಪ್ಯಾರಲಾಕ್ಸ್ ಎರಡೂ ಬಿಂಬವನ್ನು ಮೇಲೆ–ಕೆಳಗೆ ಮಾತ್ರ ಸರಿಸುತ್ತವೆ, ಆದ್ದರಿಂದ ನೆತ್ತಿಯ ಬಿಂದು ಮತ್ತು ಎರಡು ಬಿಂಬಗಳು ಸೇರಿ ಆಗುವ ತ್ರಿಕೋನದಲ್ಲಿ ನೆತ್ತಿಯ ಬಿಂದುವಿನಲ್ಲಿರುವ ಕೋನ ಬದಲಾಗದು. ಕಂಡ ಎತ್ತರಗಳಿಂದ ಆ ಕೋನ ತೆಗೆಯಿರಿ, ನಿಜ ಎತ್ತರಗಳನ್ನು ಹಾಕಿ ಅದೇ ತ್ರಿಕೋನವನ್ನು ಮತ್ತೆ ಬಿಡಿಸಿ: ನಿಜವಾದ ದೂರ ಸಿಗುತ್ತದೆ.

ಬ್ರಿಟಿಷ್ ನಾಟಿಕಲ್ ಆಲ್ಮನ್ಯಾಕ್ (ನಾವಿಕರ ಪಂಚಾಂಗ) 1767ರಿಂದ ಮೂರು ಗಂಟೆಗೊಮ್ಮೆ ಈ ದೂರಗಳನ್ನು ಕೊಡುತ್ತಿತ್ತು, 1907ರಿಂದ ಕೈಬಿಟ್ಟಿತು. ಈಗ ಎರಡು ಪೂರ್ಣ ಗಂಟೆಗಳಿಗೆ ಆ ದೂರವನ್ನು ನಾವೇ ಲೆಕ್ಕ ಹಾಕಿ ನಡುವಿನ ಸಮಯ ತೆಗೆಯಬೇಕು. ಸ್ಥಳೀಯ ಸಮಯಕ್ಕೆ ಸೂರ್ಯ ಪೂರ್ವದಲ್ಲೋ ಪಶ್ಚಿಮದಲ್ಲೋ ಇರುವಾಗಿನ ಎತ್ತರ ಬೇಕು, ನಡುಹಗಲಿನದು ಬೇಡ. ಸರಿಯಾಗಿ ಬಂದರೆ ಕಾರವಾರದಲ್ಲಿ (74°08′ ಪೂರ್ವ) ಎರಡು ಸಮಯಗಳ ಅಂತರ 4 ಗಂಟೆ 56 ನಿಮಿಷ 32 ಸೆಕೆಂಡು. ದಡದಿಂದ ಅಳೆಯುವವರು ದ್ವೀಪದ ಬುಡದ ನೀರಿನ ಗೆರೆಯನ್ನು ದಿಗಂತ ಎಂದುಕೊಳ್ಳಬಾರದು. ಬಯಲು ಕಡಲು ಕಾಣುವ ಕಡೆ ತಿರುಗಿ. ಕಣ್ಣು 2 ಮೀಟರ್ ಎತ್ತರದಲ್ಲಿದ್ದರೆ ಎತ್ತರದಿಂದ ಕಳೆಯಬೇಕಾದ ಡಿಪ್ (ಕಣ್ಣು ನೀರಿಗಿಂತ ಮೇಲಿರುವುದರಿಂದ ದಿಗಂತ ತಗ್ಗಿ ಕಾಣುವ ಕೋನ) 2.5 ಕಲೆ.

ಪ್ರಶ್ನೆ: ಸುತ್ತ ಗುಡ್ಡ, ಅಡಿಕೆ ತೋಟ. ದಿಗಂತವೇ ಕಾಣದ ನಮ್ಮೂರಲ್ಲಿ ಇದರ ಅಭ್ಯಾಸ ಆದೀತೇ? (ಓದುಗರು, ಶಿರಸಿ)

ಧಾರಾಳವಾಗಿ. ದೂರ ಅಳೆಯಲು ದಿಗಂತ ಬೇಡವೇ ಬೇಡ. ಎತ್ತರಕ್ಕೆ ಅಗಲವಾದ ತಟ್ಟೆಯಲ್ಲಿ ಜೋನಿಬೆಲ್ಲ ಸುರಿದು ನೊರೆ ತೆಗೆಯಿರಿ. ನೀರಿನಂತೆ ಅದು ಸಣ್ಣ ಗಾಳಿಗೆಲ್ಲ ಅಲುಗುವುದಿಲ್ಲ. ಆಕಾಶದ ಸೂರ್ಯನನ್ನು ತಟ್ಟೆಯ ಸೂರ್ಯನ ಮೇಲೆ ಕೂರಿಸಿ, ಇಂಡೆಕ್ಸ್ ಎರರ್ (ಸೊನ್ನೆ ಇರಬೇಕಾದಲ್ಲಿ ಸೆಕ್ಸ್ಟಂಟ್ ತೋರಿಸುವ ತಪ್ಪು ಓದು) ಸರಿಪಡಿಸಿದ ಮೇಲೆ ಅರ್ಧ ಮಾಡಿ, ಏಕೆಂದರೆ ಸಿಕ್ಕ ಕೋನ ಎತ್ತರದ ಎರಡರಷ್ಟು. ಡಿಪ್ ಕಳೆಯಬೇಡಿ. ಸೆಕ್ಸ್ಟಂಟ್ ಸುಮಾರು 120 ಡಿಗ್ರಿಯವರೆಗೆ ಓದುವುದರಿಂದ 60 ಡಿಗ್ರಿಗಿಂತ ಮೇಲಿನ ಎತ್ತರ ಇದರಲ್ಲಿ ಸಿಗದು. ಬರೀ ಕೈ ಪಳಗಿಸಲು ಎತ್ತರಗಳನ್ನು ನಿಮ್ಮೂರಿನ ಅಕ್ಷಾಂಶ–ರೇಖಾಂಶದಿಂದ ಲೆಕ್ಕ ಹಾಕಿಕೊಂಡರೂ ಆದೀತು. ನಮ್ಮ ಕಡೆ ಚಂದ್ರ ನೆತ್ತಿಯ ಹತ್ತಿರ ಹಾಯುವುದರಿಂದ ಆರಾಮಕುರ್ಚಿಯಲ್ಲಿ ಒರಗಿ ನೋಡಿ. ಕತ್ತು ಸೋತರೆ ಕೈ ನಡುಗುತ್ತದೆ.

ಪ್ರಶ್ನೆ: ಶುಕ್ಲಪಕ್ಷದ ಸಂಜೆ ಸೂರ್ಯ–ಚಂದ್ರರ ದೂರ ಅಳೆಯುತ್ತೇನೆ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆ, ಆದರೆ ಎಲ್ಲವೂ 15–20 ಮೈಲಿ ಪೂರ್ವಕ್ಕೇ. ಏಕೆ? (ಓದುಗರು, ಹೊನ್ನಾವರ)

ಕೈಯ ತಪ್ಪಾಗಿದ್ದರೆ ಉತ್ತರಗಳು ಎರಡೂ ಬದಿಗೆ ಚೆದುರುತ್ತಿದ್ದವು. ಪೂರ್ವಕ್ಕೆ ಬಂದಿದೆ ಎಂದರೆ ಗ್ರೀನಿಚ್ ಸಮಯ ಹಿಂದೆ ಬಿದ್ದಿದೆ. ಆಗ ದೂರ ಹೆಚ್ಚುತ್ತಿರುವ ಕಾಲ, ಆದ್ದರಿಂದ ನೀವು ಅಳೆದದ್ದು ಸುಮಾರು ಅರ್ಧ ಕಲೆ ಕಡಿಮೆ. ಟೆಲಿಸ್ಕೋಪ್ ಓರೆಯಾಗಿದ್ದರೆ, ಸೆಕ್ಸ್ಟಂಟನ್ನು ಆಚೀಚೆ ತೂಗಿ ನೋಡದೆ ಅಳೆದರೆ ಓದು ಹೆಚ್ಚಾಗುತ್ತದೆ, ಕಡಿಮೆಯಾಗದು. ಅವೆರಡನ್ನೂ ಬಿಡಿ.

ಮೊದಲು ಇಂಡೆಕ್ಸ್ ಎರರ್. ದಿಗಂತದಿಂದ ನೋಡುವುದು ಈ ಕೆಲಸಕ್ಕೆ ಸಾಲದು. ಸೂರ್ಯನ ಎರಡು ಬಿಂಬಗಳ ಅಂಚನ್ನು ಸೊನ್ನೆಯ ಆಚೆಗೊಮ್ಮೆ, ಈಚೆಗೊಮ್ಮೆ ತಾಗಿಸಿ. ಎರಡು ಓದುಗಳ ವ್ಯತ್ಯಾಸದ ಅರ್ಧವೇ ದೋಷ. ಮೊತ್ತದ ಕಾಲುಭಾಗ ಆ ದಿನದ ಸೂರ್ಯನ ಅರ್ಧವ್ಯಾಸಕ್ಕೆ (ಸುಮಾರು 16 ಕಲೆ) ಸಮವಾಗದಿದ್ದರೆ ಆ ಓದನ್ನು ಬಿಟ್ಟುಬಿಡಿ.

ಅದು ಸರಿಯಿದ್ದರೆ ನನ್ನ ಅನುಮಾನ ಶೇಡ್ ಗಾಜಿನ (ಸೂರ್ಯನ ಪ್ರಖರತೆ ತಗ್ಗಿಸುವ ಕಪ್ಪು ಗಾಜು) ಮೇಲೆ. ಗಾಜಿನ ಕಪ್ಪು ತೆಳುವಾದರೆ ಸೂರ್ಯನ ಅಂಚು ಉಬ್ಬಿ, ನಿಜವಾಗಿ ತಾಗುವ ಮೊದಲೇ ತಾಗಿದಂತೆ ಕಾಣುತ್ತದೆ. ಇನ್ನೊಂದು ಹಂತ ಕಪ್ಪು ಗಾಜು ಹಾಕಿ. ಎರಡು ಅಂಚುಗಳನ್ನು ಕೂದಲೆಳೆಯಷ್ಟು ಒಂದರ ಮೇಲೊಂದು ಬರುವಂತೆ ಇಟ್ಟು ಸ್ಕ್ರೂ ಮುಟ್ಟದೆ ಕಾಯಿರಿ. ದೂರ ಹೆಚ್ಚುತ್ತಿರುವುದರಿಂದ ಅವು ತಾವಾಗಿ ಬೇರೆಯಾಗುತ್ತವೆ. ಬೇರೆಯಾದ ಕ್ಷಣವನ್ನೇ ಬರೆದುಕೊಳ್ಳಿ.

ಚಂದ್ರ ಪುನರ್ವಸುವಿನ ಬಳಿ ಇರುವ ರಾತ್ರಿ ಪಶ್ಚಿಮಕ್ಕೆ ರೋಹಿಣಿಯಿಂದ, ಪೂರ್ವಕ್ಕೆ ಮಘಾದಿಂದ, ಎರಡೂ ದೂರ ಅಳೆಯಿರಿ. ಒಂದು ಹೆಚ್ಚುತ್ತಿರುತ್ತದೆ, ಇನ್ನೊಂದು ಕಡಿಮೆಯಾಗುತ್ತಿರುತ್ತದೆ, ಹಾಗಾಗಿ ಉಪಕರಣದ ದೋಷ ಸರಾಸರಿಯಲ್ಲಿ ಅಳಿದುಹೋಗುತ್ತದೆ. ಎರಡು ಗ್ರೀನಿಚ್ ಸಮಯಗಳ ನಡುವೆ 2 ನಿಮಿಷ ಅಂತರ ಬಂದರೆ ನಿಮ್ಮ ಸೆಕ್ಸ್ಟಂಟಿನಲ್ಲಿ ಅರ್ಧ ಕಲೆ ದೋಷ ಉಳಿದಿದೆ.